ಮದುವೆ ಜರ್ಮನ್ ಸಂಗಾತಿಯ ಜೊತೆ, ಕಾಗದ ಕಲಬುರಗಿಯದು: ವಾಸದ ಪರವಾನಗಿಯ ತನಕ ಏನೇನು ಮಾಡಬೇಕು

ಜರ್ಮನ್ ಪ್ರಜೆಯನ್ನು ಮದುವೆಯಾಗಿ ಅಲ್ಲಿಗೆ ಹೋಗಿ ನೆಲೆಸುವವರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ನಮ್ಮ ತಾಲ್ಲೂಕಿನಿಂದ ಹೊರಟ ಕಾಗದದಲ್ಲೇ. ಸಂಗಾತಿಯ ಸಂಬಳದ ಚೀಟಿ, ಬಾಡಿಗೆ ಕರಾರು, ಪಾಸ್‌ಪೋರ್ಟ್ ನಕಲು ಒಂದು ವಾರದಲ್ಲಿ ಕೈಗೆ ಬರುತ್ತವೆ. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಇದ್ದರೆ ಅದನ್ನು ಸರಿಮಾಡಿಸುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಆದ್ದರಿಂದ ಮದುವೆಯ ದಿನ ಗೊತ್ತುಮಾಡುವ ಮುಂಚೆಯೇ ಕಾಗದ ನೋಡಿಕೊಳ್ಳಿ.

ಹೆಸರು ಮತ್ತು ಹುಟ್ಟಿದ ದಿನ

ಜನನ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ನಿಮ್ಮ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಮೂರನ್ನೂ ಇಂಗ್ಲಿಷ್ ಅಕ್ಷರ ಅಕ್ಷರವಾಗಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ಶರಣಬಸಪ್ಪ’ ಎಂಬ ಹೆಸರು ಕನ್ನಡದಲ್ಲಿ ಎಲ್ಲ ಕಡೆ ಒಂದೇ. ಇಂಗ್ಲಿಷಿನಲ್ಲಿ ಒಂದು ಕಡೆ ‘ಆರ್’ ಆದಮೇಲೆ ‘ಎ’ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಬೀದರ್, ಕಲಬುರಗಿಯ ಎಷ್ಟೋ ಮುಸ್ಲಿಂ ಹುಡುಗರ ಅಂಕಪಟ್ಟಿಯಲ್ಲಿ ‘ಎಂ.ಡಿ.’ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ‘ಮೊಹಮ್ಮದ್’ ಪೂರ್ತಿ ಇರುತ್ತದೆ. ತಾಯಿ ಒಂದು ಕಾಗದದಲ್ಲಿ ‘ಮಹಾದೇವಿ’, ಇನ್ನೊಂದರಲ್ಲಿ ‘ಮಹಾದೇವಮ್ಮ’. ನಮಗೆ ಇದು ತಪ್ಪೆಂದೇ ಅನಿಸುವುದಿಲ್ಲ. ಜರ್ಮನಿಯ ಗುಮಾಸ್ತರಿಗೆ ಇವರು ಇಬ್ಬರು ಬೇರೆ ಬೇರೆ ಹೆಂಗಸರು.

‘ಇಬ್ಬರೂ ಒಬ್ಬರೇ’ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ಅದನ್ನು ನೆಚ್ಚಿಕೊಳ್ಳಬೇಡಿ. ಅಫಿಡವಿಟ್ ಜೊತೆಗಿರಲಿ, ಆದರೆ ತಪ್ಪಿರುವ ಮೂಲ ಕಾಗದವನ್ನೇ ತಿದ್ದಿಸಿ. ಜನನ ದಾಖಲೆಯ ಬರವಣಿಗೆ ತಪ್ಪನ್ನು ಅದನ್ನು ಕೊಟ್ಟ ಜನನ-ಮರಣ ನೋಂದಣಿ ಅಧಿಕಾರಿಯೇ ತಿದ್ದಬಹುದು, 1969ರ ನೋಂದಣಿ ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಅಂಕಪಟ್ಟಿಯ ತಿದ್ದುಪಡಿ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಹೋಗುತ್ತದೆ. ಎಲ್ಲಕ್ಕೂ ಕೊನೆಗೆ ಪಾಸ್‌ಪೋರ್ಟ್. ವೀಸಾ ಅಂಟುವುದು ಅದರ ಮೇಲೆ, ಹಾಗಾಗಿ ಬಾಕಿ ಕಾಗದಗಳು ಒಂದಾದ ಮೇಲೆ ಅದನ್ನು ಮರುವಿತರಣೆ ಮಾಡಿಸಿ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಖಾನೆ ಖಾಲಿ ಇದ್ದರೆ ಇದೇ ಸಮಯಕ್ಕೆ ತುಂಬಿಸಿಕೊಳ್ಳಿ. ಜರ್ಮನಿಯ ದಾಖಲೆಗಳಲ್ಲಿ ಕುಲನಾಮ ಬೇರೆ, ಹೆಸರು ಬೇರೆ. ಖಾಲಿ ಬಿಟ್ಟರೆ ಬ್ಯಾಂಕು, ವಿಮೆ, ಮುಂದೆ ಮಗುವಿನ ಹೆಸರು ಎಲ್ಲದಕ್ಕೂ ತೊಡಕು.

ಹುಟ್ಟಿದ ದಿನದ್ದೂ ಇದೇ ಪಾಡು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಹುಟ್ಟಿದಾಗಲೇ ಬರೆದ ನೋಂದಣಿ ಇದ್ದರೆ ಅದನ್ನೇ ಆಧಾರ ಮಾಡಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯೇ ಆಗಿರದಿದ್ದರೆ, 2023ರ ತಿದ್ದುಪಡಿಯ ನಂತರ ಒಂದು ವರ್ಷ ಮೀರಿದ ಜನನಕ್ಕೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ ಆದೇಶ ಬೇಕು. ಉಪವಿಭಾಗ ದಂಡಾಧಿಕಾರಿ ಎಂದರೆ ನಮ್ಮಲ್ಲಿ ಸಹಾಯಕ ಆಯುಕ್ತರು: ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿ. ಮೂವತ್ತು ವರ್ಷದವರ ಜನನ ಪ್ರಮಾಣಪತ್ರದ ಮೇಲೆ ಹೋದ ತಿಂಗಳ ನೋಂದಣಿ ದಿನಾಂಕ ಕಂಡರೆ ಅಲ್ಲಿಯವರು ಅನುಮಾನ ಪಡುತ್ತಾರೆ. ಒಂದನೇ ತರಗತಿಯ ದಾಖಲಾತಿ ಪುಸ್ತಕದ ಉದ್ಧರಣೆ, ಹಳೆಯ ಲಸಿಕೆ ಕಾರ್ಡು ಇಂಥದ್ದೇನಾದರೂ ಜೊತೆಗಿಡಿ.

ಊರಿನ ಹೆಸರಿಗಾಗಿ ಮಾತ್ರ ಕಾಗದ ತಿದ್ದಿಸಲು ಹೋಗಬೇಡಿ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ, ಗುಲ್ಬರ್ಗ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. 1995ರಲ್ಲಿ ಶಹಾಪುರದಲ್ಲಿ ಹುಟ್ಟಿದವರ ಕಾಗದದಲ್ಲಿ ‘ಗುಲ್ಬರ್ಗ ಜಿಲ್ಲೆ’ ಎಂದಿರುವುದು ಸರಿಯೇ. ಈ ಎರಡು ಬದಲಾವಣೆಗಳನ್ನು ಹೇಳುವ ಸರ್ಕಾರಿ ಅಧಿಸೂಚನೆಯ ನಕಲು, ಅನುವಾದಕರ ಎರಡು ಸಾಲಿನ ಟಿಪ್ಪಣಿ ಸಾಕು.

ಅಪೊಸ್ಟಿಲ್‌ಗೆ ದುಡ್ಡು ಸುರಿಯುವ ಮುಂಚೆ

ಅಪೊಸ್ಟಿಲ್ ಎಂದರೆ ಒಂದು ದೇಶದ ಸರ್ಕಾರಿ ಕಾಗದ ಅಸಲಿ ಎಂದು ಇನ್ನೊಂದು ದೇಶಕ್ಕೆ ತೋರಿಸುವ ಮುದ್ರೆ. ಭಾರತ 2005ರಲ್ಲಿ ಹೇಗ್ ಅಪೊಸ್ಟಿಲ್ ಒಪ್ಪಂದ ಸೇರಿತು. ಆದರೆ ಭಾರತ ಸೇರಿದ್ದಕ್ಕೆ ಜರ್ಮನಿ ಆಕ್ಷೇಪ ದಾಖಲಿಸಿದೆ, ಹಾಗಾಗಿ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಇಟಲಿ, ಫ್ರಾನ್ಸ್, ಪೋರ್ಚುಗಲ್‌ಗೆ ನಡೆಯುತ್ತದೆ. ವಿದೇಶಾಂಗ ಸಚಿವಾಲಯದ ಶುಲ್ಕ ಕಾಗದಕ್ಕೆ 50 ರೂಪಾಯಿ ಮಾತ್ರ, ಉಳಿದದ್ದೆಲ್ಲ ಮಧ್ಯದವರ ಕೂಲಿ. ಜರ್ಮನಿಗೆಂದು ಸಾವಿರಗಟ್ಟಲೆ ಕೇಳುವ ಏಜೆಂಟರಿಗೆ ಮೊದಲು ಇದನ್ನು ಹೇಳಿ.

ಜರ್ಮನ್ನರು ಅದರ ಬದಲು ತಪಾಸಣೆ ಮಾಡಿಸುತ್ತಾರೆ. ಎಲ್ಲರಿಗೂ ಅಲ್ಲ, ಅಲ್ಲಿನ ಕಚೇರಿ ಕೇಳಿದಾಗ. ದೂತಾವಾಸ ನೇಮಿಸಿದ ವಕೀಲರು ನೋಂದಣಿ ಕಚೇರಿಗೆ ಬಂದು ಮೂಲ ಪುಸ್ತಕ ತೆಗೆಸಿ, ನಿಮ್ಮ ಪ್ರಮಾಣಪತ್ರದ ಸಂಖ್ಯೆಯೊಂದಿಗೆ ತಾಳೆ ನೋಡುತ್ತಾರೆ. ಮನೆಯವರನ್ನೂ ಅಕ್ಕಪಕ್ಕದವರನ್ನೂ ಮಾತಾಡಿಸುವುದುಂಟು. ಇದರ ಖರ್ಚು ಅರ್ಜಿದಾರರದು, ತಿಂಗಳುಗಳೇ ಹಿಡಿಯುತ್ತವೆ. ದುಡ್ಡು ಕೊಟ್ಟು ಬೇಗ ಮಾಡಿಸಿದ, ಪುಸ್ತಕದಲ್ಲಿ ನಮೂದೇ ಇಲ್ಲದ ಪ್ರಮಾಣಪತ್ರ ಇಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ನಿಮ್ಮ ನಿಜವಾದ ಕಾಗದಗಳನ್ನೂ ಯಾರೂ ನಂಬುವುದಿಲ್ಲ.

ಮದುವೆ ಯಾವ ಕಾಯ್ದೆಯಡಿ

ಹಿಂದೂ ವಿವಾಹ ಕಾಯ್ದೆ, 1955 ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ. ಕ್ರೈಸ್ತ ಅಥವಾ ಧರ್ಮವಿಲ್ಲದ ಜರ್ಮನ್ ಸಂಗಾತಿಯೊಂದಿಗೆ ಗುಡಿಯಲ್ಲಿ ತಾಳಿ ಕಟ್ಟಿದರೆ ಊರಿಗೆ ಮದುವೆ, ವೀಸಾಕ್ಕೆ ಅಲ್ಲ. ಧರ್ಮ ಯಾವುದಾದರೂ ನಡೆಯುವ ದಾರಿ ವಿಶೇಷ ವಿವಾಹ ಕಾಯ್ದೆ, 1954.

ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚೆ ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ಅದು ನೀವೇ ಆದರೆ ಆಯಿತು. ಇಬ್ಬರೂ ಸಹಿ ಮಾಡಿದ ನೋಟಿಸ್ ವಿವಾಹ ಅಧಿಕಾರಿಯ ಕಚೇರಿಯಲ್ಲಿ 30 ದಿನ ತೂಗಿರುತ್ತದೆ. ಅದಾದ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮುಗಿಯದಿದ್ದರೆ ಎಲ್ಲ ಮೊದಲಿಂದ. ಅಂದರೆ ಸಂಗಾತಿ ಐದಾರು ವಾರ ಇಲ್ಲೇ ಉಳಿಯಬೇಕು ಅಥವಾ ಎರಡು ಸಲ ಬರಬೇಕು. 30 ದಿನದ ಇ-ಟೂರಿಸ್ಟ್ ವೀಸಾ ಸಾಲದು, ಒಂದು ವರ್ಷದ್ದನ್ನು ತೆಗೆದುಕೊಳ್ಳಲಿ. ಅವರನ್ನು ನಿಮ್ಮ ಮನೆಯಲ್ಲೇ ಇರಿಸಿಕೊಂಡರೂ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಜಿಲ್ಲೆಗಳಲ್ಲಿ ಈ ಕೆಲಸ ಎಸ್‌ಪಿ ಕಚೇರಿಯದು. ನೆಂಟರನ್ನು ಯಾರು ನೋಂದಾಯಿಸುತ್ತಾರೆ ಎಂದು ಬಿಟ್ಟುಬಿಡುವವರೇ ಹೆಚ್ಚು.

‘ಮೊದಲು ಗುಡಿಯಲ್ಲೋ ಚರ್ಚಿನಲ್ಲೋ ಮಾಡಿಕೊಂಡು, ಆಮೇಲೆ ಇದೇ ಕಾಯ್ದೆಯಡಿ ನೋಂದಾಯಿಸಿದರಾಯಿತು’ ಎಂಬುದು ಕಾನೂನಿನಲ್ಲಿದೆ, ಆದರೆ ವಿದೇಶಿ ಸಂಗಾತಿ ಇದ್ದವರಿಗೆ ಕಷ್ಟ. ಅದಕ್ಕೆ ಇಬ್ಬರೂ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು, ಇಬ್ಬರಿಗೂ 21 ತುಂಬಿರಬೇಕು, ಮತ್ತೆ 30 ದಿನದ ನೋಟಿಸ್ ಬೇರೆ. ಕಚೇರಿ ಮದುವೆಯನ್ನೇ ಮೊದಲು ಮುಗಿಸಿ, ಶಾಸ್ತ್ರ ನಿಮಗೆ ಬೇಕಾದ ದಿನ ಮಾಡಿಕೊಳ್ಳಿ.

ನೋಟಿಸ್ ಗೋಡೆಗೆ ಬಿದ್ದ ಮೇಲೆ ಯಾರೋ ಬಂದು ತಕರಾರು ತೆಗೆಯುತ್ತಾರೆಂಬ ಭಯ ಇದ್ದದ್ದೇ. ಕಾನೂನು ಒಪ್ಪುವ ತಕರಾರು ಕೆಲವೇ: ಒಬ್ಬರಿಗೆ ಈಗಾಗಲೇ ಗಂಡನೋ ಹೆಂಡತಿಯೋ ಇರುವುದು, ವಯಸ್ಸು ಸಾಲದಿರುವುದು, ಒಪ್ಪಿಗೆ ಕೊಡುವ ಮನಃಸ್ಥಿತಿ ಇಲ್ಲದಿರುವುದು, ಮದುವೆಯಾಗಬಾರದೆಂದು ಕಾನೂನು ನಿಷೇಧಿಸಿದ ಹತ್ತಿರದ ಸಂಬಂಧ. ಮನೆಯವರಿಗೆ ಇಷ್ಟವಿಲ್ಲ, ಜಾತಿ ಬೇರೆ, ಧರ್ಮ ಬೇರೆ ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಅಧಿಕಾರಿ ತಕರಾರನ್ನು ಎತ್ತಿಹಿಡಿದರೆ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು.

ಸಂಗಾತಿ ತರಬೇಕಾದ ಮುಖ್ಯ ಕಾಗದ ‘ಏಹೆಫೇಹಿಶ್‌ಕೈಟ್ಸ್‌ತ್ಸೊಯ್ಗ್ನಿಸ್’, ಅಂದರೆ ಮದುವೆಗೆ ಅಡ್ಡಿಯಿಲ್ಲ ಎಂದು ಅವರ ಊರಿನ ನೋಂದಣಿ ಕಚೇರಿ ಕೊಡುವ ಪತ್ರ. ಆರು ತಿಂಗಳು ಮಾತ್ರ ಊರ್ಜಿತ. ಅದನ್ನು ಕೊಡಲು ಅವರು ನಿಮ್ಮ ಜನನ ಪ್ರಮಾಣಪತ್ರ, ನೀವು ಅವಿವಾಹಿತರೆಂಬ ಪುರಾವೆ, ಜರ್ಮನ್ ಅನುವಾದ ಕೇಳುತ್ತಾರೆ. ನಿಮ್ಮ ಕಾಗದ ಮೊದಲು ಅಲ್ಲಿಗೆ ಹೋಗಬೇಕು, ಅಲ್ಲಿಯದು ಆಮೇಲೆ ಇಲ್ಲಿಗೆ. ಈ ಕ್ರಮ ತಪ್ಪಿಸಿ ವಿಮಾನದ ಟಿಕೆಟ್ ತೆಗೆದವರು ಒಂದು ಪ್ರಯಾಣ ಕಳೆದುಕೊಳ್ಳುತ್ತಾರೆ. ಹಿಂದೆ ಮದುವೆಯಾಗಿ ಬಿಟ್ಟವರಿಗೆ ಪಂಚರ ಮುಂದೆ ಬರೆದ ಫಾರಕತ್ ಪತ್ರ ಸಾಲದು, ನ್ಯಾಯಾಲಯದ ಡಿಕ್ರಿ ಬೇಕು, ಅದು ಅಂತಿಮವಾಗಿದೆ ಎಂಬುದಕ್ಕೂ ದಾಖಲೆ ಬೇಕು.

ಭಾಷೆ ಮತ್ತು ವೀಸಾ

ಜರ್ಮನ್ ಪ್ರಜೆಯ ಸಂಗಾತಿಗೆ ಎ1 ಮಟ್ಟದ, ಅಂದರೆ ಮೊದಲ ಮೆಟ್ಟಿಲಿನ, ಜರ್ಮನ್ ಬರಬೇಕು. ಜರ್ಮನ್ ಭಾಷೆ ಕಲಿಸುವ ಗೋಥೆ ಇನ್‌ಸ್ಟಿಟ್ಯೂಟ್ ಸಂಸ್ಥೆಯ ಪರೀಕ್ಷೆಯಾದರೆ 100ಕ್ಕೆ 60 ಬಂದರೆ ಪಾಸು. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ನಾಲ್ಕೂ ಇರುತ್ತವೆ. ಕಾಗದ ತಿದ್ದಿಸುತ್ತಿರುವ ತಿಂಗಳುಗಳಲ್ಲೇ ಕಲಿಯಲು ಶುರುಮಾಡಿ, ಮದುವೆ ಆದಮೇಲೆ ಎಂದುಕೊಂಡರೆ ಮದುವೆಯಾದರೂ ದೂರವೇ ಇರಬೇಕಾಗುತ್ತದೆ.

ಸಂಗಾತಿ ಇಟಲಿಯವರೋ ಫ್ರಾನ್ಸಿನವರೋ ಆಗಿದ್ದು ಜರ್ಮನಿಯಲ್ಲಿ ಕೆಲಸದಲ್ಲಿದ್ದರೆ ನಿಯಮವೇ ಬೇರೆ. ಆಗ ಅನ್ವಯಿಸುವುದು ಐರೋಪ್ಯ ಒಕ್ಕೂಟದ 2004/38 ನಿರ್ದೇಶನ: ಭಾಷಾ ಪರೀಕ್ಷೆ ಇಲ್ಲ, ವೀಸಾ ಶುಲ್ಕ ಇಲ್ಲ, ನಿವಾಸ ಕಾರ್ಡನ್ನು ಅರ್ಜಿ ಕೊಟ್ಟ ಆರು ತಿಂಗಳೊಳಗೆ ಕೊಡಬೇಕು, ಅದು ಐದು ವರ್ಷದ್ದು. ಪ್ರಜೆ ತನ್ನ ಸ್ವಂತ ದೇಶದಲ್ಲೇ ಇದ್ದರೆ ಸಾಮಾನ್ಯವಾಗಿ ಇದು ಅನ್ವಯಿಸುವುದಿಲ್ಲ.

ಕೇಳಬೇಕಾದದ್ದು ‘ಡಿ’ ವೀಸಾ, ಅಂದರೆ ಹೆಚ್ಚು ದಿನ ನೆಲೆಸಲು ಕೊಡುವ ವೀಸಾ. ಟೂರಿಸ್ಟ್ ವೀಸಾದಲ್ಲಿ ಹೋಗಿ ಅಲ್ಲೇ ಪರವಾನಗಿ ಕೇಳಿದರೆ ಸಾಮಾನ್ಯವಾಗಿ ವಾಪಸ್ ಹೋಗಿ ಬನ್ನಿ ಎನ್ನುತ್ತಾರೆ. ಬೀದರಿನವರಿಗೆ ಹೈದರಾಬಾದ್ ಹತ್ತಿರವೆಂದು ಅಲ್ಲಿಗೆ ಹೋಗುವ ಮನಸ್ಸಾಗುತ್ತದೆ, ಆದರೆ ಕರ್ನಾಟಕದಲ್ಲಿ ವಾಸಿಸುವವರ ಅರ್ಜಿ ಬೆಂಗಳೂರಿನ ಜರ್ಮನ್ ದೂತಾವಾಸಕ್ಕೇ ಸೇರಿದ್ದು. ಒಂದು ರಾತ್ರಿಯ ರೈಲು, ಮೂಲ ಕಾಗದಗಳೆಲ್ಲ ಕೈಚೀಲದಲ್ಲಿ. ಫೋಟೋ 35×45 ಮಿಲಿಮೀಟರ್, ಹಿನ್ನೆಲೆ ತಿಳಿಬಣ್ಣ. ನಮ್ಮ ಸ್ಟುಡಿಯೋಗಳು ಮುಖ ಬೆಳ್ಳಗೆ ಮಾಡುವುದು ರೂಢಿ, ಬೇಡ ಎಂದು ಮುಂಚೆಯೇ ಹೇಳಿ. ತಿದ್ದಿದ ಫೋಟೋ ತಿರಸ್ಕೃತವಾಗುತ್ತದೆ.

ತಲುಪಿದ ಮೇಲೆ

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ, ಅವರ ಮಾತಿನಲ್ಲಿ ‘ಆನ್‌ಮೆಲ್ಡುಂಗ್’. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರಿನ ನಕಲು ಅದಕ್ಕೆ ಬದಲಿ ಅಲ್ಲ. ಸಂಗಾತಿ ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದು ನಿಮಗೆ ಆದಾಯ ಇಲ್ಲದಿದ್ದರೆ ಕುಟುಂಬ ವಿಮೆಯಲ್ಲಿ ನಿಮ್ಮ ಹೆಸರು ಸೇರುತ್ತದೆ, ಬೇರೆ ಕಂತು ಇಲ್ಲ. ವೀಸಾ ಮುಗಿಯುವ ಮುಂಚೆ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಕೊಡಿ. ಭೇಟಿಯ ದಿನ ಸಿಗುವುದು ತಡವಾಗುವ ಊರುಗಳಿವೆ, ಆದರೆ ಅರ್ಜಿ ಮಾತ್ರ ವೀಸಾ ಇರುವಾಗಲೇ ಲಿಖಿತವಾಗಿ ಸೇರಿರಬೇಕು. ಈ ಪರವಾನಗಿಯಲ್ಲಿ ದುಡಿಯುವ ಹಕ್ಕೂ ಇದೆ, ಬೇರೆ ಅನುಮತಿ ಬೇಡ.

ಮೊದಲ ಮೂರು ವರ್ಷ ನಿಮ್ಮ ವಾಸದ ಹಕ್ಕು ಮದುವೆಗೆ ಕಟ್ಟಿದ್ದು. ಅಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ ಮೇಲೆ ಬೇರೆಯಾದರೂ ಉಳಿಯುವ ಸ್ವಂತ ಹಕ್ಕು ಬರುತ್ತದೆ. ಮನೆಯಲ್ಲಿ ಹಿಂಸೆ ಇದ್ದರೆ ಮೂರು ವರ್ಷ ಕಾಯಬೇಕಿಲ್ಲ, ಕಾನೂನು ಅದಕ್ಕೆ ವಿನಾಯಿತಿ ಇಟ್ಟಿದೆ. ಜರ್ಮನ್ ಪ್ರಜೆಯ ಸಂಗಾತಿ ಮೂರು ವರ್ಷದ ನಂತರ ಕಾಯಂ ಪರವಾನಗಿಯನ್ನೂ ಕೇಳಬಹುದು, ಆ ಹೊತ್ತಿಗೆ ಭಾಷೆ ಎ1ಗಿಂತ ಎರಡು ಮೆಟ್ಟಿಲು ಮೇಲಿನ ಬಿ1 ಮಟ್ಟಕ್ಕೆ ಬಂದಿರಬೇಕು. ಪಾಸ್‌ಪೋರ್ಟ್, ವಾಸದ ಕಾರ್ಡು, ಮದುವೆ ಪ್ರಮಾಣಪತ್ರ ನಿಮ್ಮ ಬೀರುವಿನಲ್ಲೇ ಇರಲಿ. ಅವುಗಳ ಸ್ಕ್ಯಾನ್ ಪ್ರತಿಯನ್ನು ಊರಿನಲ್ಲಿ ನೀವು ನಂಬುವ ಒಬ್ಬರ ಬಳಿ ಬಿಟ್ಟು ಹೋಗಿ.