ನೀಲಗಿರಿಯ ಹುಲ್ಲುಗಾವಲು ಎಷ್ಟು ಹಳೆಯದು? ಪರಾಗದಿಂದ ತಿಳಿಯುವುದು ಹೀಗೆ

ಊಟಿಯ ಸುತ್ತಲಿನ ಹುಲ್ಲುಗುಡ್ಡ ನೋಡಿದವರಲ್ಲಿ ಹಲವರು, 'ಇಲ್ಲಿದ್ದ ಕಾಡನ್ನು ಜನ ಕಡಿದುಬಿಟ್ಟಿದ್ದಾರೆ' ಅಂದುಕೊಳ್ಳುತ್ತಾರೆ. ಅದು ನಿಜವೇ ಎಂದು ಹೇಳುವ ಸಾಕ್ಷಿ ಅಲ್ಲೇ ಇದೆ, ಊಟಿ ಹತ್ತಿರದ ಸ್ಯಾಂಡಿನಲ್ಲಾದಂಥ ಕಣಿವೆಗಳ ಜೌಗಿನಲ್ಲಿ. ನೀರು ನಿಂತು ಗಾಳಿಯಾಡದ ಜಾಗದಲ್ಲಿ ಗಿಡಗಳು ಪೂರ್ತಿ ಕೊಳೆಯುವುದಿಲ್ಲ. ಪದರ ಪದರವಾಗಿ ಕೂತು ಪೀಟ್ ಎಂಬ ಕಪ್ಪು ಮಣ್ಣಾಗುತ್ತವೆ. ಗಾಳಿಯಲ್ಲಿ ಬಂದು ಬಿದ್ದ ಪರಾಗವೂ ಅದರೊಳಗೆ ಉಳಿಯುತ್ತದೆ. ಪರಾಗದ ಹೊರಕವಚ ಅಷ್ಟು ಗಟ್ಟಿ.

ಮೊದಲು ಅನುಮತಿ ಪಡೆದು, ಕೊರೆಯುವ ಕೊಳವೆಯಿಂದ ಜೌಗಿನ ಮಣ್ಣನ್ನು ಉದ್ದಕ್ಕೆ ತೆಗೆಯಬೇಕು. ಮೇಲ್ತುದಿ ಯಾವುದು, ಕೆಳತುದಿ ಯಾವುದು ಎಂದು ಆಗಲೇ ಗುರುತು ಹಾಕಿ. ಸುತ್ತಿ ತಣ್ಣಗಿಡಿ. ಆಮೇಲೆ ಕೆಲವು ಸೆಂಟಿಮೀಟರಿಗೊಂದರಂತೆ ಚಿಕ್ಕ ತುಂಡು ಕತ್ತರಿಸಿ. ಕೆಲವು ಪದರಗಳ ವಯಸ್ಸನ್ನು ರೇಡಿಯೋಕಾರ್ಬನ್ ವಿಧಾನದಿಂದ, ಅಂದರೆ ಕಾಲ ಕಳೆದಂತೆ ಕಡಿಮೆಯಾಗುವ ವಿಕಿರಣಶೀಲ ಕಾರ್ಬನ್ ಎಷ್ಟು ಉಳಿದಿದೆ ಎಂದು ಅಳೆದು, ತಿಳಿಯಬಹುದು.

ಮಣ್ಣಿನಿಂದ ಪರಾಗ ಬಿಡಿಸುವುದು ಪ್ರಯೋಗಾಲಯದ ಕೆಲಸವೇ, ಮನೆಯಲ್ಲಿ ಬೇಡ. ಬಿಸಿ ಕ್ಷಾರದಲ್ಲಿ ಕುದಿಸಿ ಸೋಸುತ್ತಾರೆ. ಮರಳು ಕರಗಿಸಲು ಬಳಸುವ ಹೈಡ್ರೋಫ್ಲೋರಿಕ್ ಆಮ್ಲ ಜೀವಕ್ಕೇ ಅಪಾಯ. ಕೊನೆಗೆ ಉಳಿದದ್ದನ್ನು ಸೂಕ್ಷ್ಮದರ್ಶಕದಲ್ಲಿಟ್ಟು, ಪ್ರತಿ ತುಂಡಿಗೆ 300 ಕಣಗಳಷ್ಟಾದರೂ ಎಣಿಸಬೇಕು. ಹುಲ್ಲಿನ ಪರಾಗ ದುಂಡಗೆ, ಒಂದೇ ರಂಧ್ರ. ಉಳಿದವನ್ನು ಗುರುತಿಸಲು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿರುವಂಥ ಮಾದರಿ ಸ್ಲೈಡುಗಳ ಜೊತೆ ಹೋಲಿಸುತ್ತಾರೆ.

ಲೆಕ್ಕ ಓದುವಾಗ ಮಾತ್ರ ಹುಷಾರು. ನೂರರಲ್ಲಿ ಐದು ಕಣ ಮರದ್ದು ಅಂದರೆ ಕಾಡೂ ಐದೇ ಪಾಲು ಇತ್ತು ಅಂತಲ್ಲ. ಹುಲ್ಲು ಗಾಳಿಗೆ ಪರಾಗವನ್ನು ಧಾರಾಳವಾಗಿ ತೂರುತ್ತದೆ. ಗುಡ್ಡಗಳ ನಡುವಿನ ಕಣಿವೆಗಳಲ್ಲಿ ಬೆಳೆಯುವ ಶೋಲಾ ಕಾಡಿನ ರೋಡೋಡೆಂಡ್ರಾನಿನಂಥ ಮರಗಳು ಹಕ್ಕಿ, ಕೀಟಗಳನ್ನು ನಂಬಿವೆ. ಅವುಗಳ ಪರಾಗ ಜೌಗಿಗೆ ಬಂದು ಬೀಳುವುದೇ ಕಡಿಮೆ. ಅದಕ್ಕೇ ಇವತ್ತಿನ ಶೋಲಾದಲ್ಲೂ ಹುಲ್ಲುಗಾವಲಿನಲ್ಲೂ ನೆಲದ ಮೇಲಿನ ಪಾಚಿ ತಂದು ಅದರಲ್ಲಿ ಸಿಕ್ಕಿಕೊಂಡ ಪರಾಗ ಎಣಿಸಿ. ಈಗ ಕಣ್ಣಿಗೆ ಕಾಣುವ ಕಾಡು ಎಷ್ಟು ಪರಾಗ ಬಿಡುತ್ತದೆ ಎಂದು ಗೊತ್ತಾದರೆ ಹಳೆಯ ಲೆಕ್ಕಕ್ಕೆ ಅರ್ಥ ಬರುತ್ತದೆ. ಇನ್ನೊಂದು ತೊಡಕು, ಹುಲ್ಲುಗಳ ಪರಾಗವೆಲ್ಲ ಹೆಚ್ಚುಕಡಿಮೆ ಒಂದೇ ಥರ. ಒಣ ಹವೆಯ ಹುಲ್ಲೋ ತಂಪಿನದೋ ತಿಳಿಯದು. ಅಲ್ಲಿ ಪೀಟಿನ ಕಾರ್ಬನ್ ಐಸೊಟೋಪು, ಅಂದರೆ ಬೇರೆ ಬೇರೆ ತೂಕದ ಕಾರ್ಬನ್ ಪರಮಾಣುಗಳ ಪಾಲು, ನೆರವಾಗುತ್ತದೆ; ಈ ಎರಡು ಬಗೆಯ ಹುಲ್ಲಿನಲ್ಲಿ ಆ ಪಾಲು ಬೇರೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೀಲಗಿರಿಯ ಪೀಟಿನಿಂದ ಹೀಗೇ ಹಳೆಯ ಹವಾಮಾನ ಓದಿದರು.

ಸುಮಾರು 20,000 ವರ್ಷಗಳ ಹಿಂದೆ, ಮಳೆ ಕಡಿಮೆಯಿದ್ದ ಹಿಮಯುಗದಲ್ಲೂ ಇಲ್ಲಿ ಹುಲ್ಲೇ ಜಾಸ್ತಿ. ಅಂದರೆ ಈ ಹುಲ್ಲುಗಾವಲು ಕೊಡಲಿಗಿಂತ ಹಳೆಯದು. ಇದನ್ನು 'ಖಾಲಿ ಜಾಗ' ಎಂದು ಮರ ನೆಡುವುದು ಅನ್ಯಾಯ. ಹಾಗೆ ನೆಟ್ಟದ್ದೂ ಪೀಟಿನಲ್ಲಿ ದಾಖಲಾಗಿದೆ. ವ್ಯಾಟಲ್ ಎಂಬ ಅಕೇಶಿಯಾ ಜಾತಿಯ ಮರದ ಪರಾಗ 16 ಕಣಗಳ ಗೊಂಚಲು, ನೀಲಗಿರಿ ಮರದ್ದು (ಯೂಕಲಿಪ್ಟಸ್) ತ್ರಿಕೋನ. ಎರಡೂ ಆಸ್ಟ್ರೇಲಿಯಾದಿಂದ 19ನೇ ಶತಮಾನದಲ್ಲಿ ಬಂದವು. ಇವು ಕಂಡರೆ ಆ ಪದರ ಅದಕ್ಕಿಂತ ಈಚಿನದು. ಮೇಲಿನ ಪದರಗಳ ರೇಡಿಯೋಕಾರ್ಬನ್ ವಯಸ್ಸನ್ನು ಪರೀಕ್ಷಿಸಲೂ ಇದೇ ಗುರುತು ನೆರವಾಗುತ್ತದೆ.