ಕಿತ್ತಳೆಯ ಹಸಿರು ಬೂಷ್ಟಿಗೆ ಮಜ್ಜಿಗೆಹುಲ್ಲಿನ ಎಣ್ಣೆ

ಕೊಯ್ದಿಟ್ಟ ಕೊಡಗಿನ ಕಿತ್ತಳೆ ಮೂರನೇ ದಿನಕ್ಕೇ ಮೆತ್ತಗಾಗಿದ್ದರೆ ಹೆಚ್ಚಿನ ಸಲ ಅದು ಪೆನಿಸಿಲಿಯಂ ಶಿಲೀಂಧ್ರದ ಕೆಲಸ. ಮೊದಲು ನೀರೂರಿದ ಕಲೆ, ಅದರ ಮೇಲೆ ಬಿಳಿ ಬೂಷ್ಟು, ಆಮೇಲೆ ನಡುವಿನಿಂದ ಹಸಿರು ಪುಡಿ. ಆ ಪುಡಿಯೆಲ್ಲ ಬೀಜಕಗಳೇ. ಹಣ್ಣನ್ನು ಅಲುಗಿಸಿದರೆ ಸಾಕು, ಪಕ್ಕದ ಬುಟ್ಟಿಗೂ ಹಾರುತ್ತದೆ. ಆದರೆ ಅದು ಒಳಹೊಗಲು ಸಿಪ್ಪೆಯಲ್ಲಿ ಗಾಯ ಬೇಕು.

ಹಾಗಾಗಿ ಕೊಯ್ಲಿನಲ್ಲೇ ಜಾಗ್ರತೆ. ಮಂಜು, ಇಬ್ಬನಿ ಆರುವ ಮೊದಲು ಹಣ್ಣು ಮುಟ್ಟಬೇಡಿ. ತೇವದಲ್ಲಿ ಸಿಪ್ಪೆಯ ಎಣ್ಣೆಗುಳ್ಳೆಗಳು ಬಿಗಿದಿದ್ದು, ಹಿಡಿದ ಕಡೆ ಒಡೆಯುತ್ತವೆ. ನಮ್ಮ ಕಿತ್ತಳೆಯ ಸಿಪ್ಪೆ ಸಡಿಲ, ಎಳೆದು ಕಿತ್ತರೆ ತೊಟ್ಟಿನ ಜೊತೆ ಅದೂ ಹರಿದು ಬರುತ್ತದೆ. ಕತ್ತರಿಯಿಂದ ತೊಟ್ಟನ್ನು ಹಣ್ಣಿನ ಮಟ್ಟಕ್ಕೆ ಕತ್ತರಿಸಿ. ಉದ್ದ ಉಳಿದ ತೊಟ್ಟು ಪಕ್ಕದ ಹಣ್ಣನ್ನು ಚುಚ್ಚುತ್ತದೆ.

ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲು ಸಿಟ್ರಾಲ್. ಶಿಲೀಂಧ್ರದ ಜೀವಕೋಶದ ಪೊರೆಯನ್ನು ಕೆಡಿಸುವುದು ಅದೇ. ಭಟ್ಟಿ ಇಳಿಸಿದ ಎಣ್ಣೆಯನ್ನೇ ಕೊಳ್ಳಿ. ಸುವಾಸನೆಗೆಂದು ಮಾರುವ ಎಣ್ಣೆ ಬೇಡ. ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಮರುದಿನ ನೋಡಿ: ಜಿಡ್ಡಿನ ಉಂಗುರ ಉಳಿದಿದ್ದರೆ ಅಡುಗೆ ಎಣ್ಣೆ ಬೆರೆಸಿರುವ ಅನುಮಾನ.

ಕೊಯ್ದ ಹಣ್ಣನ್ನು ಅದ್ದುವ ದ್ರಾವಣಕ್ಕೆ ಹತ್ತು ಲೀಟರ್ ನೀರಿಗೆ 20 ಮಿ.ಲೀ. ಎಣ್ಣೆ, ಅಷ್ಟೇ ಪಾಲಿಸಾರ್ಬೇಟ್-80 (ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ದ್ರವ. ಅಂಗಡಿಯಲ್ಲಿ ಟ್ವೀನ್-80 ಎಂದು ಕೇಳಿ, ಆಹಾರ ದರ್ಜೆಯದೇ ಇರಲಿ). ಬಹಳ ಜನ ಎಡವುವುದು ಇಲ್ಲೇ. ಎಣ್ಣೆಯನ್ನು ನೇರ ನೀರಿಗೆ ಸುರಿದರೆ ಮೇಲೆ ತೇಲಿ, ಮುಳುಗಿಸಿ ಎತ್ತಿದ ಹಣ್ಣಿಗೆ ಹನಿಹನಿಯಾಗಿ ಅಂಟಿ ಕಂದು ಸುಟ್ಟಕಲೆ ಮಾಡುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಎರಡನ್ನೂ ಮೊದಲು ಕಲಸಿ, ಅರ್ಧ ಲೀಟರ್ ಉಗುರುಬೆಚ್ಚಗಿನ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತ ಕಡೆಯಿರಿ. ಹಾಲಿನಂತೆ ಬೆಳ್ಳಗಾದ ಮೇಲೆ ಉಳಿದ ನೀರು. ಕೈಗೆ ಗ್ಲೌಸ್ ಇರಲಿ, ಅಪ್ಪಟ ಎಣ್ಣೆ ಚರ್ಮವನ್ನೂ ಉರಿಸುತ್ತದೆ.

ಪೂರ್ತಿ ಕೊಯ್ಲಿಗೆ ಮೊದಲು ಹತ್ತೇ ಹಣ್ಣು ಕೊಯ್ದು ಅದ್ದಿ ಎರಡು ದಿನ ಇಟ್ಟು ನೋಡಿ. ಕಲೆ ಕಾಣದಿದ್ದರೆ ಉಳಿದವನ್ನು ಕೊಯ್ದು, ಅಂದೇ ಹೊಸದಾಗಿ ಕಲಸಿದ ದ್ರಾವಣದಲ್ಲಿ ಎರಡು ನಿಮಿಷ ಅದ್ದಿ, ನೆರಳಲ್ಲಿ ಒಂದೇ ಪದರವಾಗಿ ಹರಡಿ ಫ್ಯಾನ್ ಹಾಕಿ. ಒದ್ದೆಯಲ್ಲಿ ಪೇರಿಸಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಪ್ರಮಾಣ ಏರಿಸುವ ಆಸೆ ಬೇಡ, ಹುಲ್ಲಿನ ವಾಸನೆ ತೊಳೆಗೂ ಹತ್ತುತ್ತದೆ. ದ್ರಾವಣವನ್ನು ಅಂದೇ ಮುಗಿಸಿ. ಎಣ್ಣೆ ಆವಿಯಾಗಿ ಬಲ ಕಳೆದುಕೊಳ್ಳುತ್ತದೆ. ಈಗಾಗಲೇ ಮೆತ್ತಗಾದ ಹಣ್ಣನ್ನು ಇದು ಉಳಿಸದು, ಆರಿಸಿ ಹೂಳಿ.

ಇದನ್ನೇ ಕಾಫಿಯ ಕೊಳೆರೋಗಕ್ಕೆ ಹೊಡೆಯೋಣವೇ ಎಂದರೆ, ಕೊಡಗಿನ ಆಷಾಢದ ಮಳೆಗೆ ಇದು ಒಂದು ದಿನವೂ ನಿಲ್ಲದು. ಅಲ್ಲಿ ಶೇ 1ರ ಬೋರ್ಡೋ ದ್ರಾವಣವೇ (ಮೈಲುತುತ್ತ, ಸುಣ್ಣದ ಮಿಶ್ರಣ) ಸರಿ. ಅದ್ದಿ ಉಳಿದ ನೀರನ್ನು ಕಾಳುಮೆಣಸಿನ ಬುಡಕ್ಕೂ ಚೆಲ್ಲಬೇಡಿ: ಅಲ್ಲಿ ರೋಗ ತಡೆಯಲೆಂದು ದುಡ್ಡು ಕೊಟ್ಟು ಹಾಕಿದ ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ.