ಕಪ್ಪೆಯನ್ನು ಎಳೆಯಬೇಡಿ, ಕೂರಿಸಿ

ಅಮೆರಿಕದವರು ಹುಚ್ಚೆದ್ದು ಹಿಡಿಯುವ ಬಾಸ್ ಮೀನು ನಮ್ಮ ಹಾವೇರಿ, ಧಾರವಾಡದ ಊರ ಕೆರೆಗಳಲ್ಲಿ ಸಿಗುವುದಿಲ್ಲ. ಆದರೆ ಅದನ್ನು ಗಾಳದಲ್ಲಿ ಹಿಡಿಯಲೆಂದು ಮಾಡಿದ, ಕೊಕ್ಕೆ ಇರುವ ರಬ್ಬರ್ ಕಪ್ಪೆಗೆ ನಮ್ಮ ಕೊರವ ಮೀನೂ ಬಾಯಿ ಹಾಕುತ್ತದೆ. ಎರಡರದ್ದೂ ಒಂದೇ ಚಾಳಿ: ಎಲೆ, ಜೊಂಡಿನ ನೆರಳಲ್ಲಿ ಹೊಂಚು ಹಾಕಿ, ಹತ್ತಿರ ಬಂದದ್ದರ ಮೇಲೆ ಎರಗುವುದು.

ಮೊದಲು ಕೆರೆಯ ಮೀನು ಗುತ್ತಿಗೆ ಯಾರದೆಂದು ಕೇಳಿ ಒಪ್ಪಿಗೆ ಪಡೆಯಿರಿ. ಆಮೇಲೆ ಸಾಮಾನು. ಏಳು ಅಡಿ ಆಸುಪಾಸಿನ ಗಟ್ಟಿ ರಾಡ್ (ಗಾಳದ ಕೋಲು), ದಾರ ಸುತ್ತುವ ರೀಲ್, 30ರಿಂದ 50 ಪೌಂಡ್ ತಾಳುವ ಬ್ರೇಡ್ ದಾರ, ಅಂದರೆ ಎಳೆ ಹೆಣೆದ ದಾರ. ತೆಳು ತಂಗೂಸಿ ದಾರ ಬೇಡ, ತಾವರೆ ದಂಟಿಗೆ ಸುತ್ತಿಕೊಂಡರೆ ಪಟ್ಟಂತ ಹರಿಯುತ್ತದೆ. ಟೊಳ್ಳು ಕಪ್ಪೆಯ ಎರಡೂ ಕೊಕ್ಕೆ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುತ್ತವೆ. ಹಾಗಾಗಿ ಎಲೆಗೆ ಸಿಕ್ಕದೆ ಜಾರುತ್ತದೆ.

ಬೆಳಿಗ್ಗೆ ಬೇಗ ಹೋಗಿ. ದಡದಲ್ಲಿ ಸುಮ್ನೆ ಐದು ನಿಮಿಷ ನಿಂತು ನೋಡಿ. ಕೊರವ ಗಾಳಿ ನುಂಗಲು ಆಗಾಗ ಮೇಲೆ ಬರಲೇಬೇಕು. ಎಲ್ಲಿ ‘ಗುಳಕ್’ ಎಂದಿತೋ ಅಲ್ಲಿ ಮೀನಿದೆ. ಕಪ್ಪೆಯನ್ನು ಅದರ ತಲೆ ಮೇಲೇ ಎಸೆಯಬೇಡಿ, ಬೆದರುತ್ತದೆ. ನಾಲ್ಕೈದು ಅಡಿ ಆಚೆ ಬೀಳಿಸಿ, ಎಲೆ ಮೇಲಿಂದ ಈಚೆ ತನ್ನಿ.

ಈಗ ಅಸಲಿ ಕೆಲಸ. ನಾನು ಮೊದಮೊದಲು ಗಿರಗಿರ ರೀಲ್ ತಿರುಗಿಸುತ್ತಿದ್ದೆ. ಹಾನಗಲ್ ಕಡೆಯ ಕೆರೆಯೊಂದರಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಅಜ್ಜ ಬಹಳ ಹೊತ್ತು ನೋಡಿ ಅಂದ: “ತಮ್ಮಾ, ಕಪ್ಪಿ ಹಿಂಗ ಓಡತೈತೇನು? ಎರಡ ಸಲ ಜಿಗದು ಕುಂದರತೈತಿ.” ಅಷ್ಟೇ ವಿದ್ಯೆ! ರಾಡ್ ತುದಿ ನೀರಿನತ್ತ ಬಗ್ಗಿಸಿ, ಮಣಿಕಟ್ಟಿನಿಂದ ಎರಡು ಸಣ್ಣ ಜಗ್ಗು ಕೊಡಿ. ಪ್ರತಿ ಜಗ್ಗಿನ ನಂತರ ದಾರ ಸಡಿಲ ಬಿಡಿ. ಆಗ ಕಪ್ಪೆ ಮುಂದೆ ಓಡದೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊರಳುತ್ತದೆ. ಎಲೆಗಳ ನಡುವೆ ಬರೀ ನೀರು ಕಾಣುವ ಕಿಂಡಿ ಬಂತೆಂದರೆ ನಿಲ್ಲಿಸಿ. ಎದ್ದ ಅಲೆಯುಂಗುರ ಪೂರ್ತಿ ಅಳಿಸಿಹೋಗುವವರೆಗೆ ಕೈ ಆಡಿಸಬೇಡಿ. ಮೀನು ಜಾಸ್ತಿ ಎರಗುವುದು ಈ ಸುಮ್ಮನಿರುವ ಹೊತ್ತಲ್ಲೇ.

ನೀರು ಸಿಡಿದ ಕೂಡಲೇ ಎಳೆಯುವುದು ಎಲ್ಲರೂ ಮಾಡುವ ತಪ್ಪು. ನಾನು ಹಾಗೆ ಎಳೆದ ಕಪ್ಪೆ ಹಾರಿ ಬಂದು ಹಿಂದಿನ ಜಾಲಿಗಿಡಕ್ಕೆ ನೇತುಬಿದ್ದಿತ್ತು. ಅಜ್ಜನ ಎಮ್ಮೆಯೂ ನಕ್ಕಿರಬೇಕು. ಒಂದು, ಎರಡು ಎಂದು ಎಣಿಸಿ. ದಾರ ಬಿಗಿಯಾಗಿ ಕೈಗೆ ಭಾರ ತಿಳಿದ ಮೇಲೆ ರಾಡನ್ನು ಜೋರಾಗಿ ಮೇಲೆತ್ತಿ. ಬಾಯಿಗೆ ಸಿಕ್ಕ ಮೇಲೆ ಮಾತ್ರ ದಾರ ಸಡಿಲ ಬಿಡುವಂತಿಲ್ಲ, ಬಿಟ್ಟರೆ ಜೊಂಡಿಗೆ ನುಗ್ಗುತ್ತದೆ. ಕೊಕ್ಕೆ ಬಿಡಿಸಲು ಪಕ್ಕಡ್ ಬಳಸಿ, ಹಲ್ಲು ಚೂಪು.

ಹತ್ತಾರು ಎಸೆತದ ನಂತರ ಕಪ್ಪೆ ತೇಲದಿದ್ದರೆ ಹೊಟ್ಟೆಗೆ ನೀರು ಹೊಕ್ಕಿದೆ ಎಂದರ್ಥ. ಹಿಂಡಿ ತೆಗೆಯಿರಿ. ಬಣ್ಣದ ತಲೆಬಿಸಿ ಬೇಡ: ರಾಡಿ ನೀರಿಗೆ ಕಪ್ಪು, ತಿಳಿ ನೀರಿಗೆ ಹಸಿರು-ಕಂದು ಸಾಕು.

ಮಳೆಗಾಲದಲ್ಲಿ ನೀರ ಮೇಲೆ ಕೇಸರಿ ಬಣ್ಣದ ಸಣ್ಣ ಮರಿಗಳ ಗುಂಪು ಕುದಿಯುವಂತೆ ಕಂಡರೆ, ಕೆಳಗೆ ಅಪ್ಪ-ಅಮ್ಮ ಕಾವಲಿರುತ್ತವೆ. ಏನು ಎಸೆದರೂ ಸಿಟ್ಟಿಗೆದ್ದು ಕಚ್ಚುತ್ತವೆ. ಹಿಡಿಯುವುದು ಸುಲಭ, ಆದರೆ ಕಾವಲಿಲ್ಲದ ಮರಿಗಳು ಬೇರೆ ಮೀನಿನ ಪಾಲಾಗುತ್ತವೆ. ಹತ್ತು ಮಾರು ಆಚೆ ನಡೆದು ಬೇರೆ ಕಿಂಡಿ ಹುಡುಕಿ.